ಒಬ್ಬರು ವಾಪಸ್ ಬಂದಿಲ್ಲ

ಹೋಟೆಲಿನಲ್ಲಿ ನನ್ನ ಕೆಲಸ ಸಿಲಿಂಡರುಗಳಿಗೆ ಗಾಳಿ ತುಂಬುವುದು. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿರುವುದರಿಂದ ಊರಿನಲ್ಲಿ ನನ್ನನ್ನು ಗಾಳಿ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಫಿಟ್ಜ್‌ರಾಯ್, ಅದು ಈಗ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿದೆ. ಮರಳಿನ ಮೇಲೆ ಹದಿನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಜೆಟ್ಟಿ, ಒಂದು ದೋಣಿ, ನನ್ನ ಗಾಳಿ ತುಂಬುವ ಯಂತ್ರ. ಟು ಬೆಲ್ಸ್ ಹೋಟೆಲ್ ಎಂದರೆ ಇಷ್ಟೇ. ಬರುವವರೆಲ್ಲ ಸಮುದ್ರದಲ್ಲಿ ಮುಳುಗಿ ಮೀನು ನೋಡಲು ಬರುತ್ತಾರೆ. ಕೋಣೆ ಹೇಗಿದೆ ಎಂದು ಅವರು ಕೇಳುವುದು ಕಡಿಮೆ.

ಇಂಥ ಹೋಟೆಲಿನಲ್ಲಿ ಕ್ಯಾಪ್ಟನ್ ಓರ್ಮಂಡ್ ಕ್ವಾಶಿ ಅವರನ್ನು ದೋಣಿಯಿಂದ ಇಳಿಸಿ ವಿಮಾನ ನಿಲ್ದಾಣದ ವ್ಯಾನಿಗೆ ಹತ್ತಿಸುವ ಮಾತು ಬಂದಿತ್ತು. ಅದು ಬಂದದ್ದೂ ಹೋದದ್ದೂ ಮೂರು ದಿನಗಳಲ್ಲಿ.

ಓರ್ಮಂಡ್ ಮಾಮನಿಗೆ ಅರವತ್ತನಾಲ್ಕು ವಯಸ್ಸು. ಅದರಲ್ಲಿ ನಲವತ್ತು ವರ್ಷ ದೋಣಿಯ ಮೇಲೆ. ವ್ಯಾನು ಓಡಿಸಲು ಬರುವುದಿಲ್ಲ ಎಂದಲ್ಲ. "ರಸ್ತೇಲಿ ಎಲ್ಲಾ ಗುಂಡಿಗಳೂ ದಿನಾ ಅದೇ ಜಾಗದಲ್ಲೇ ಇರ್ತಾವೆ ಕಣೋ ಗಾಳಿ. ಎರಡು ತಿಂಗಳಲ್ಲಿ ಸತ್ತೋಗ್ತೀನಿ," ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದರೆಂದು ನನಗೆ ಅನಿಸಲಿಲ್ಲ.

ಮಾಮನ ಲೆಕ್ಕದ ವಿಚಾರ ಮೊದಲು ಹೇಳಬೇಕು. ನಮ್ಮ ಕೊಲ್ಲಿಯ ಎದುರಿನ ಪುಟ್ಟ ದ್ವೀಪದ ಸುತ್ತ ಸಮುದ್ರ ನಿಂತಿರುವುದಿಲ್ಲ, ಹೊಳೆಯ ಹಾಗೆ ಹರಿಯುತ್ತದೆ. ಇಲ್ಲಿ ಮುಳುಗಿದವರು ಎಲ್ಲೋ ಏಳುತ್ತಾರೆ. ದೋಣಿ ಅವರ ಗುಳ್ಳೆಗಳ ಹಿಂದೆ ಹೋಗಿ, ಎದ್ದಲ್ಲೇ ಹತ್ತಿಸಿಕೊಳ್ಳಬೇಕು. ಮಾಮ ಹಿಂದೆ ಬೇರೊಂದು ದೋಣಿಯಲ್ಲಿದ್ದಾಗ ಎಲ್ಲರ ಹಾಗೆ ತಲೆ ಎಣಿಸುತ್ತಿದ್ದರು. ಒಂದು ದಿನ ಎಂಟು ಜನ ಇಳಿದರು, ಎಂಟು ತಲೆ ಎಣಿಸಿ ಹೊರಟರು. ಎಂಟನೆಯ ತಲೆ ಪಕ್ಕದ ಮೀನುದೋಣಿಯಿಂದ ಬೆಂಕಿಪೊಟ್ಟಣ ಕೇಳಲು ಹತ್ತಿ ಕೂತಿದ್ದ ಮೀನುಗಾರ ಲೆನ್ನಿಯದು. ನಿಜವಾದ ಎಂಟನೆಯವರು ನಾಲ್ಕು ಗಂಟೆಯ ನಂತರ ಒಂದು ಬಂಡೆಯ ಮೇಲೆ ಸಿಕ್ಕರು. ಬದುಕಿದ್ದರು, ಬಹಳ ಮಾತಾಡಿದರು.

ಅಂದಿನಿಂದ ಮಾಮ ಎಣಿಸುವುದು ಬಿಟ್ಟರು. ಏಣಿಯ ತಲೆಯಲ್ಲಿ ನಿಂತು ಹತ್ತಿ ಬರುವ ಒಬ್ಬೊಬ್ಬರಿಗೂ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಅವರು ತಮ್ಮ ಬಾಯಿಂದಲೇ ತಿರುಗಿ ನಮಸ್ಕಾರ ಹೇಳಬೇಕು. ಹೇಳಿದರೆ ಹತ್ತಿದ ಹಾಗೆ, ಹೇಳದಿದ್ದರೆ ಇನ್ನೂ ನೀರಿನಲ್ಲಿದ್ದ ಹಾಗೆ. ಇನ್ನೊಬ್ಬರ ಪರವಾಗಿ ಹೇಳುವಂತಿಲ್ಲ, ಗಂಡ ಹೆಂಡತಿಯಾದರೂ. ಇಪ್ಪತ್ತಾರು ವರ್ಷದಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿಲ್ಲ. ನಮ್ಮೂರಿಗೆ ಇದು ವಿಚಿತ್ರವೂ ಅಲ್ಲ. ಇಲ್ಲಿ ಅಂಗಡಿಗೆ ಹೋಗಿ ನಮಸ್ಕಾರ ಹೇಳದೆ ಉಪ್ಪು ಕೇಳಿದರೆ ಉಪ್ಪು ಮುಗಿದಿರುತ್ತದೆ.

ಪ್ರೆಸ್ಕಾಡ್ ಸಾಹೇಬರು ಬಂದದ್ದು ಮಂಗಳವಾರ ಮಧ್ಯಾಹ್ನ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನಿಂದ ಡೈವಿಂಗ್ ಸಂಘದ ಪರವಾಗಿ ತನಿಖೆಗೆ ಬಂದವರು. ಸಂಘದ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಹೊರದೇಶದ ಪ್ರವಾಸ ಕಂಪನಿಗಳು ಜನರನ್ನು ಕಳಿಸುತ್ತವೆ, ಇಲ್ಲದಿದ್ದರೆ ಇಲ್ಲ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಸ್ವಾಗತದ ಮೇಜಿನ ಹಿಂದೆ ಜೊಸಿಂತಾ ಕೂತಿದ್ದಳು. ನಾನು ಸ್ಟೂಲಿನ ಮೇಲೆ ನಿಂತು ಫ್ಯಾನಿನ ಸ್ಕ್ರೂ ಬಿಗಿ ಮಾಡುತ್ತಿದ್ದೆ.

"ಪ್ರೆಸ್ಕಾಡ್. ಸಮುದ್ರದ ಕಡೆ ರೂಮು," ಎಂದರು ಸಾಹೇಬರು.

ಜೊಸಿಂತಾ ತಲೆ ಎತ್ತಲಿಲ್ಲ. ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಲೇ ಇದ್ದಳು.

"ಕೇಳಿಸ್ತಾ? ಪ್ರೆಸ್ಕಾಡ್ ಅಂತ ಹೆಸರಿರ್ಬೇಕು, ನೋಡಿ."

ಅವಳು ನನ್ನ ಕಡೆ ತಿರುಗಿದಳು. "ಗಾಳಿ, ಬಾಗಿಲು ತಾನಾಗೇ ತೆಗೀತಾ? ಯಾರೋ ಬಂದ ಹಾಗಾಯ್ತು."

"ಯಾರೂ ಮಾತಾಡ್ಸಿದ್ದು ನಂಗೆ ಕೇಳ್ಸಿಲ್ಲ," ಎಂದೆ. ನನ್ನ ಬಾಯಲ್ಲಿ ಎರಡು ಸ್ಕ್ರೂ ಇದ್ದವು.

"ನಂಗೂ ಇಲ್ಲ. ರಾತ್ರಿಯೆಲ್ಲ ಒಂದೇ ಚಾಪೆ ಮೇಲೆ ಮಲಗಿದ್ದೋರಾದ್ರೆ ಎದ್ದ ತಕ್ಷಣ ನಮಸ್ಕಾರ ಗಿಮಸ್ಕಾರ ಇಲ್ದೇನೇ ಮಾತು ಶುರು ಮಾಡ್ಬಹುದು. ನಾನಂತೂ ನಿನ್ನೆ ನಮ್ಮಮ್ಮನ ಪಕ್ಕ ಮಲಗಿದ್ದೆ," ಎಂದು ಇನ್ನೊಂದು ಗೆರೆ ಎಳೆದಳು.

ಸಾಹೇಬರು ಕೊಕ್ಕೆಯಿಂದ ಒಂಬತ್ತನೆಯ ಕೋಣೆಯ ಬೀಗದಕೈಯನ್ನು ತಾವೇ ತೆಗೆದುಕೊಂಡು ಹೋದರು. ಒಂಬತ್ತರಲ್ಲಿ ಬಿಸಿನೀರು ಬರುತ್ತಿರಲಿಲ್ಲ. ಅದನ್ನು ಅವರು ಆ ಸಂಜೆ ಎರಡು ಸಲ, ಮಾರನೆ ಬೆಳಿಗ್ಗೆ ಒಂದು ಸಲ ಮೇಜಿಗೆ ಬಂದು ಹೇಳಿದರು. ಮೂರು ಸಲವೂ ಮಾತು ನೇರವಾಗಿ ನೀರಿನಿಂದಲೇ ಶುರುವಾದ್ದರಿಂದ ಜೊಸಿಂತಾಳಿಗೆ ಕೇಳಿಸಲಿಲ್ಲ.

ಅವರು ಕೆಟ್ಟ ಮನುಷ್ಯರಲ್ಲ. ಅಡುಗೆಯ ಐವಿ ಅತ್ತೆ ಹೇಳುವಂತೆ, ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ನಮಸ್ಕಾರ ಹೇಳುತ್ತ ಹೋದರೆ ಆಫೀಸು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿರುತ್ತಾರೆ. ಐವಿ ಅತ್ತೆ ಪೇಟೆಗೆ ಎರಡು ಸಲ ಹೋಗಿ ಬಂದಿದ್ದಾರೆ.

ಬುಧವಾರ ಒಂಬತ್ತು ಜನ ನೀರಿಗಿಳಿದರು. ಏಳು ಅತಿಥಿಗಳು, ಮುಂದೆ ದಾರಿ ತೋರಿಸುವ ನಮ್ಮ ಕೆವ್ರನ್, ಮತ್ತು ಪ್ರೆಸ್ಕಾಡ್ ಸಾಹೇಬರು. ದೋಣಿಯಲ್ಲಿ ಮಾಮನೂ ನಾನೂ ಉಳಿದೆವು. ಮುಕ್ಕಾಲು ಗಂಟೆಯ ನಂತರ ದ್ವೀಪದ ಮೂಲೆ ದಾಟಿ ಎಲ್ಲರೂ ಎದ್ದರು. ಮಾಮ ಏಣಿಯ ತಲೆಯಲ್ಲಿ ನಿಂತರು.

"ನಮಸ್ಕಾರ, ಮಿಸೆಸ್ ಹಿಲ್ಡಾ."

"ನಮಸ್ಕಾರ ಕ್ಯಾಪ್ಟನ್, ನಮಸ್ಕಾರ! ಆಮೆ ನೋಡಿದೆ!" ಎಂದರು ಮಿಸೆಸ್ ಹಿಲ್ಡಾ. ಹಾಲೆಂಡಿನ ಶಾಲಾ ಮೇಡಮ್ಮು, ಹನ್ನೊಂದು ವರ್ಷದಿಂದ ತಪ್ಪದೆ ಬರುತ್ತಾರೆ. ಬಾಯಲ್ಲಿ ಉಪ್ಪುನೀರಿದ್ದರೂ ನಮಸ್ಕಾರ ತಪ್ಪಿಸುವವರಲ್ಲ.

ಹೀಗೆ ಎಂಟು ಜನ ಹತ್ತಿದರು. ಕೊನೆಗೆ ಸಾಹೇಬರು ಬಂದರು.

"ನಮಸ್ಕಾರ, ಪ್ರೆಸ್ಕಾಡ್ ಸಾಹೇಬ್ರೇ."

ಸಾಹೇಬರು ಮೂಗು ಸೀಟಿ, ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಕೂತು ಹಲಗೆ ತೆಗೆದರು.

"ನಮಸ್ಕಾರ, ಪ್ರೆಸ್ಕಾಡ್ ಸಾಹೇಬ್ರೇ," ಎಂದರು ಮಾಮ, ನೀರಿನ ಕಡೆ ನೋಡುತ್ತ.

ಸಾಹೇಬರು ಏನೋ ಬರೆದುಕೊಂಡರು. ನಾನು ಐವಿ ಅತ್ತೆ ಕಟ್ಟಿಕೊಟ್ಟ ಕಾಯಿತುರಿಯ ಸಿಹಿಬ್ರೆಡ್ಡನ್ನು ಹಂಚಿದೆ. ತಲೆಗೊಂದರಂತೆ ಹನ್ನೊಂದು ತುಂಡು, ಮಾಮನದೂ ನನ್ನದೂ ಸೇರಿ. ಸಾಹೇಬರು ಎರಡು ತೆಗೆದುಕೊಂಡರು. ಹೋದದ್ದು ಮಾಮನ ಪಾಲು. ಮಾಮ ಎಂಜಿನ್ ಆರಿಸಿದ್ದರು, ಅಲೆಗಳನ್ನೇ ನೋಡುತ್ತಿದ್ದರು. ಹತ್ತು ನಿಮಿಷವಾಯಿತು. ಹದಿನೈದಾಯಿತು. ರೇಡಿಯೊ ಕೆರೆಯಿತು. ಹೋಟೆಲಿನ ಒಡತಿ ಮಿಸ್ ವರ್ಲಿನ್.

"ಓರ್ಮಂಡ್, ಯಾಕೆ ತಡ? ಊಟ ಆರ್ತಾ ಇದೆ."

"ನಮಸ್ಕಾರ, ಮಿಸ್ ವರ್ಲಿನ್."

"ನಮಸ್ಕಾರ, ನಮಸ್ಕಾರ. ಯಾಕೆ ತಡ?"

"ಒಬ್ರು ಇನ್ನೂ ನೀರಲ್ಲಿದಾರೆ."

"ಅಯ್ಯೋ ದೇವ್ರೇ. ಯಾರು?"

"ಪ್ರೆಸ್ಕಾಡ್ ಸಾಹೇಬ್ರು."

"ತನಿಖೆಗೆ ಬಂದೋರಾ! ಕೊನೇ ಸಲ ಎಲ್ಲಿ ಕಂಡ್ರು?"

"ಈಗ್ಲೂ ಕಾಣ್ತಾ ಇದಾರೆ. ಎದುರಿಗೇ ಕೂತಿದಾರೆ. ಬ್ರೆಡ್ ತಿಂತಾ ಇದಾರೆ."

ಸಾಹೇಬರು ತಲೆ ಎತ್ತಿದರು. "ಏನ್ರೀ ಇದು? ನಾನು ಇಲ್ಲಿಲ್ವಾ?"

"ಕಾಣೋದು ಬೇರೆ, ಹತ್ತೋದು ಬೇರೆ," ಎಂದರು ಮಾಮ. ಆದರೆ ಅದನ್ನು ನನಗೆ ಹೇಳಿದರು, ಸಾಹೇಬರು ಇನ್ನೂ ನೀರಿನಲ್ಲಿದ್ದುದರಿಂದ.

ಮಿಸೆಸ್ ಹಿಲ್ಡಾ ಸಾಹೇಬರ ಮೊಣಕೈ ಮುಟ್ಟಿ, "ಒಂದ್ಸಲ ನಮಸ್ಕಾರ ಅಂದ್ಬಿಡಿ ಸಾರ್, ನಂಗೆ ಹಸಿವು," ಎಂದರು. ಸಾಹೇಬರು, ತಾವು ಸಂಘದ ಪರವಾಗಿ ಬಂದಿದ್ದು, ಆಟ ಆಡಲು ಅಲ್ಲ ಎಂದರು. ಇಪ್ಪತ್ತೆರಡನೆಯ ನಿಮಿಷಕ್ಕೆ ಮಿಸ್ ವರ್ಲಿನ್ ರೇಡಿಯೊದಲ್ಲಿ ಮಾಮನ ಪೂರ್ತಿ ಹೆಸರು ಕರೆದು, ಈಗಲೇ ವಾಪಸ್ ಬರಬೇಕೆಂದು ಆಜ್ಞೆ ಮಾಡಿದರು. ಮಾಮ ಬಂದರು. ದೋಣಿಯ ದಿನಚರಿ ಪುಸ್ತಕ ತೆಗೆದು ದಪ್ಪ ಅಕ್ಷರದಲ್ಲಿ ಬರೆದರು: *ಬುಧವಾರ. ಇಳಿದವರು ಒಂಬತ್ತು. ಬಂದವರು ಎಂಟು. ಒಬ್ಬರು ವಾಪಸ್ ಬಂದಿಲ್ಲ.*

ಅದನ್ನು ಸಾಹೇಬರು ಓದಿದರು.

ಸಂಜೆ ಮಿಸ್ ವರ್ಲಿನ್ ಅಡುಗೆಮನೆಗೆ ಬಂದಾಗ ಮಾಮ ಏಡಿ ಸಾರು, ಹಿಟ್ಟಿನ ಉಂಡೆಗಳ ತಟ್ಟೆಯ ಮುಂದೆ ಕೂತಿದ್ದರು. ತಿನ್ನುತ್ತಿರಲಿಲ್ಲ. ಮಿಸ್ ವರ್ಲಿನ್ ಕೈಯಲ್ಲಿ ಒಂದು ಕಾಗದವಿತ್ತು.

"ವರದೀಲಿ ಏನು ಬರೆದಿದಾರೆ ಗೊತ್ತಾ? ಕ್ಯಾಪ್ಟನ್ ಬದಲಾಯಿಸ್ಬೇಕು ಅಂತ. ಕೈಕಾಲು ಹಿಡ್ಕೊಂಡೆ. ನಾಳೆ ಒಂದು ದಿನ ಅವಕಾಶ ಕೊಟ್ಟಿದಾರೆ. ನಾಳೆ ಈ ಪಟ್ಟಿ ಪ್ರಕಾರ ಹಾಜರಿ. ಹೆಸರಿನ ಮುಂದೆ ಗುರುತು ಬಿದ್ರೆ ಮನುಷ್ಯ ಹತ್ತಿದ. ಅಷ್ಟೇ. ನೀನು ಬಾಯಿ ಬಿಡೋ ಹಾಗಿಲ್ಲ."

"ಬರೆದು ಕೊಟ್ಟಿದಾರಾ?"

"ಸಹಿ ಹಾಕಿ ಕೊಟ್ಟಿದಾರೆ. ತಗೋ. ಇಲ್ಲಾಂದ್ರೆ ಸೋಮವಾರದಿಂದ ವ್ಯಾನು, ಓರ್ಮಂಡ್. ನನ್ನ ಕೈಲಿ ಏನೂ ಇಲ್ಲ."

ಮಾಮ ಕಾಗದವನ್ನು ಓದಿದರು. *ದೋಣಿಯಲ್ಲಿ ಬಾಯಿಮಾತಿನ ಹಾಜರಿ ನಿಷೇಧಿಸಲಾಗಿದೆ.* ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ತಿನ್ನು ಓರ್ಮಂಡ್," ಎಂದರು ಐವಿ ಅತ್ತೆ. "ಏಡಿ ಮೇಲೆ ಯಾಕೆ ಕೋಪ? ಅದು ನಿಂಗೆ ನಮಸ್ಕಾರ ಹೇಳ್ಬೇಕಿತ್ತಾ?"

ಮಾಮ ನಗಲಿಲ್ಲ. ವ್ಯಾನಿನ ಬ್ರೇಕು ಈಗಲೂ ಎಡಕ್ಕೆ ಎಳೆಯುತ್ತದೆಯೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ.

ಗುರುವಾರ ಬೆಳಿಗ್ಗೆ ಜೆಟ್ಟಿಯ ಮೇಲೆ ಸಾಹೇಬರು ನನ್ನನ್ನು ಕರೆದು ಹಲಗೆ ಕೈಗಿತ್ತರು. ಒಂಬತ್ತು ಹೆಸರು, ನಾಲ್ಕು ಮನೆ: ಇಳಿದ ಗಳಿಗೆ, ಎದ್ದ ಗಳಿಗೆ, ಗಾಳಿ ಎಷ್ಟು ಉಳಿದಿದೆ, ಸುರಕ್ಷಿತವಾಗಿ ಹತ್ತಿದ್ದಾರೆ. "ಹತ್ತಿದ ಹಾಗೇ ಗುರುತು ಹಾಕ್ತಾ ಹೋಗು. ಮಾತು ಬೇಡ. ಗೊತ್ತಾಯ್ತಾ?"

"ನಮಸ್ಕಾರ ಸಾಹೇಬ್ರೇ. ಗೊತ್ತಾಯ್ತು."

ಪಟ್ಟಿಯ ಕೊನೆಯ ಸಾಲು ಅವರದು. ಅದರಲ್ಲಿ ನಾಲ್ಕೂ ಮನೆಗಳಲ್ಲಿ ಆಗಲೇ ಗುರುತು ಬಿದ್ದಿತ್ತು. ನನಗೆ ಸರಿಯಾಗಿ ಬರೆಯಲು ಬರುವುದೋ ಇಲ್ಲವೋ ಎಂದು ತಮ್ಮದನ್ನು ಮಾದರಿಯಾಗಿ ತಾವೇ ತುಂಬಿದ್ದರು. ಮಾದರಿ ಚೆನ್ನಾಗಿತ್ತು. ಕೆವ್ರನ್‌ಗೆ ಮಾತ್ರ ಇನ್ನೊಂದು ಮಾತು ಹೇಳಿದರು: "ನಾನು ಹಿಂದಿನಿಂದ ನಿನ್ನ ಕೆಲಸ ನೋಡ್ತಿರ್ತೀನಿ. ನನ್ನನ್ನ ಲೆಕ್ಕಕ್ಕೆ ತಗೋಬೇಡ."

ಇಳಿದರು. ಮುಕ್ಕಾಲು ಗಂಟೆಯ ನಂತರ ಎದ್ದರು. ಮಿಸೆಸ್ ಹಿಲ್ಡಾ ಮೊದಲು ಹತ್ತಿ, "ನಮಸ್ಕಾರ, ಕ್ಯಾಪ್ಟನ್!" ಎಂದರು. ಮಾಮ ಚುಕ್ಕಾಣಿಯ ಹತ್ತಿರವೇ ನಿಂತು ತಲೆ ಆಡಿಸಿದರು. ಆಕೆ ನನ್ನ ಮುಖ ನೋಡಿದರು. ನಾನು ಗುರುತು ಹಾಕಿದೆ. ಒಬ್ಬೊಬ್ಬರೂ ಹತ್ತಿ ಬಂದು, ನಮಸ್ಕಾರ ಹೇಳಿ, ಉತ್ತರ ಬಾರದೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಹೋಗಿ ಕೂತರು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸದ್ದಿಲ್ಲದ ದೋಣಿಯನ್ನು ಆ ಕೊಲ್ಲಿ ಕಂಡಿರಲಿಕ್ಕಿಲ್ಲ. ಕೊನೆಗೆ ಕೆವ್ರನ್ ಹತ್ತಿದ. ನಾನು ಹಲಗೆ ನೋಡಿದೆ. ಒಂಬತ್ತು ಹೆಸರು, ಒಂಬತ್ತು ಗುರುತು. ಮಾಮನಿಗೆ ತೋರಿಸಿದೆ.

"ತುಂಬಿದ್ಯಾ?"

"ತುಂಬಿದೆ."

"ಹಾಗಾದ್ರೆ ಹೊರಡ್ಬಹುದು ಅಂತ ಬರೆದಿದೆ," ಎಂದು ಮಾಮ ಎಂಜಿನ್ ಹಚ್ಚಿದರು.

ನಾನೇಕೆ ಬೆಂಚಿನ ಕಡೆ ನೋಡಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ನೋಡಿದ್ದೆ. ಬಟ್ಟೆ, ಸಿಲಿಂಡರು, ಒದ್ದೆ ತಲೆಗಳು ಎಲ್ಲಾ ಇದ್ದವು. ಸಾಹೇಬರು ಇದ್ದಾಗಲೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಹಾಗಾಗಿ ದೋಣಿಯಲ್ಲಿ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಅರ್ಧ ದಾರಿಗೆ ಬಂದಾಗ ಬ್ರೆಡ್ಡಿನ ಡಬ್ಬಿ ತೆಗೆದು ಹಂಚಿದೆ. ಎಲ್ಲರಿಗೂ ಕೊಟ್ಟು, ಮಾಮನಿಗೂ ಕೊಟ್ಟು, ನಾನೂ ಒಂದು ತೆಗೆದುಕೊಂಡೆ. ಡಬ್ಬಿಯಲ್ಲಿ ಒಂದು ತುಂಡು ಉಳಿಯಿತು.

ಮಾಮ ಅದನ್ನು ನೋಡಿದರು. "ಐವಿ ಎಷ್ಟು ಹಾಕಿದ್ಲು?"

"ಹನ್ನೊಂದು. ಯಾವಾಗ್ಲೂ ಹನ್ನೊಂದೇ."

"ಐವಿ ಹುಟ್ಟಿದಾಗಿಂದ ಒಂದು ತುಂಡು ಹೆಚ್ಚಿಗೆ ಹಾಕಿದೋಳಲ್ಲ," ಎಂದರು ಮಾಮ. ಎಂಜಿನ್ ನಿಲ್ಲಿಸಿದರು. "ಆ ಯಪ್ಪ ನಿನ್ನೆ ಎರಡು ತಿಂದಿದ್ರು. ಇವತ್ತು ಒಂದೂ ತಿಂದಿಲ್ಲ. ಎಲ್ಲಿ?"

ಎಲ್ಲರೂ ಬೆಂಚು ನೋಡಿದೆವು, ಮುಂದಿನ ತುದಿ ನೋಡಿದೆವು. ಕೆವ್ರನ್ ಎದ್ದು ನಿಂತ. "ನನ್ನ ಲೆಕ್ಕದಲ್ಲಿ ಅವರಿಲ್ಲ ಮಾಮ. ಅವ್ರೇ ಹೇಳಿದ್ದು."

"ಪಟ್ಟೀಲಿ?"

"ಪಟ್ಟೀಲಿ ಸುರಕ್ಷಿತವಾಗಿ ಹತ್ತಿದಾರೆ," ಎಂದೆ.

ಮಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ದೋಣಿ ತಿರುಗಿಸಿ ರೇಡಿಯೊದಲ್ಲಿ ಕೊಲ್ಲಿಯ ಮೀನುದೋಣಿಗಳಿಗೆಲ್ಲ ಹೇಳಿದರು. ಆಗಲೂ ಮೊದಲು ನಮಸ್ಕಾರ, ಆಮೇಲೆ ವಿಷಯ. ಎಲ್ಲರೂ ತಿರುಗಿ ನಮಸ್ಕಾರ ಹೇಳಿಯೇ ಹೊರಟರು. ನಾವು ಜನರನ್ನು ಹತ್ತಿಸಿಕೊಂಡ ಜಾಗಕ್ಕೆ ಮಾಮ ಹೋಗಲೇ ಇಲ್ಲ. ನೀರಿನ ಹರಿವು ನೋಡಿ, ಗಡಿಯಾರ ನೋಡಿ, ದ್ವೀಪದ ಉತ್ತರಕ್ಕೆ, ಏನೂ ಇಲ್ಲದ ಕಡೆಗೆ ನೇರವಾಗಿ ಹೊಡೆದರು. ಮಿಸೆಸ್ ಹಿಲ್ಡಾ ಬೆಂಚಿನ ಮೇಲೆ ನಿಂತು ನೋಡುತ್ತಿದ್ದರು. ಆಕೆಗೇ ಮೊದಲು ಕಂಡದ್ದು, ಅಲೆಗಳ ನಡುವೆ, ದಾರಿ ತಪ್ಪಿದವರು ಊದಿ ನಿಲ್ಲಿಸುವ ಕಿತ್ತಳೆ ಬಣ್ಣದ ಗಾಳಿಕೊಳವೆ, ಅದರ ಬುಡದಲ್ಲಿ ಒಂದು ತಲೆ.

ಸಾಹೇಬರು ಐವತ್ತು ನಿಮಿಷ ತೇಲಿದ್ದರು. ಕೆವ್ರನ್ ತಿರುಗಿ ನೋಡುತ್ತಾನೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಬಂಡೆಯ ಹಿಂದೆ ನಿಂತಿದ್ದರಂತೆ. ಅವನೋ ಹೇಳಿದ ಮಾತು ಕೇಳುವ ಹುಡುಗ, ನೋಡಲಿಲ್ಲ. ಅಷ್ಟರಲ್ಲಿ ನೀರು ಇವರನ್ನು ಬೇರೆ ಕಡೆ ಎಳೆದಿತ್ತು. ಸೀಟಿ ಊದಿ ಊದಿ ತುಟಿ ಬೆಳ್ಳಗಾಗಿತ್ತು.

ಮಾಮ ನಾಲ್ಕು ಮಾರು ದೂರದಲ್ಲಿ ಎಂಜಿನ್ ಆರಿಸಿದರು. ಏಣಿಯನ್ನು ಆಗಲೇ ನೀರಿಗೆ ಬಿಟ್ಟಾಗಿತ್ತು, ಹಗ್ಗವನ್ನೂ ಎಸೆದಾಗಿತ್ತು. ಅದನ್ನು ಹೇಳಲೇಬೇಕು, ಯಾಕೆಂದರೆ ಊರಿನಲ್ಲಿ ಈಗ ಬೇರೆ ಥರ ಹೇಳುತ್ತಾರೆ. ಆಮೇಲೆ ಮಾಮ ಜೇಬಿನಿಂದ ಆ ಸಹಿ ಹಾಕಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟು, "ಒದ್ದೆ ಮಾಡ್ಬೇಡ," ಎಂದು ಏಣಿಯ ತಲೆಗೆ ಹೋದರು.

"ನಮಸ್ಕಾರ, ಪ್ರೆಸ್ಕಾಡ್ ಸಾಹೇಬ್ರೇ."

ಒಂದು ಅಲೆ ಬಂದು ಹೋಯಿತು. ಸಾಹೇಬರು ಏಣಿಯ ಮೊದಲ ಮೆಟ್ಟಿಲು ಹಿಡಿದು ಮೇಲೆ ನೋಡಿದರು. ನಾನು ಮನಸ್ಸಿನಲ್ಲೇ, ಹೇಳಿಬಿಡಿ ಸಾಹೇಬರೇ, ಹೇಳದಿದ್ದರೆ ಈ ಮನುಷ್ಯ ನಿಮ್ಮನ್ನು ಹತ್ತಿಸಿಕೊಂಡು ಕೂರಿಸಿ ಸಂಜೆಯವರೆಗೆ ನಿಮ್ಮನ್ನೇ ಹುಡುಕುತ್ತಾರೆ, ಎಂದೆ.

"ನಮಸ್ಕಾರ, ಕ್ಯಾಪ್ಟನ್," ಎಂದರು ಸಾಹೇಬರು. ಧ್ವನಿ ಹರಿದಿತ್ತು. ಹತ್ತಿ ಬಂದು, "ನಮಸ್ಕಾರ ಮೇಡಂ," ಎಂದರು. "ನಮಸ್ಕಾರ. ನಮಸ್ಕಾರ." ಬೆಂಚಿನ ಮೇಲಿದ್ದ ಎಲ್ಲರಿಗೂ ಹೇಳಿದರು. ನನಗೂ ಹೇಳಿದರು. ಇಬ್ಬರಿಗೆ ಎರಡೆರಡು ಸಲ ಹೇಳಿದರು. ನಾನು ಉಳಿದ ಬ್ರೆಡ್ಡನ್ನು ಕೊಟ್ಟೆ.

ಜೆಟ್ಟಿ ಹತ್ತಿರವಾದಾಗ, "ನಮ್ಮಜ್ಜಿ ಇಲ್ಲೇ ಪಕ್ಕದೂರು ಶಾರ್ಲಟ್‌ವಿಲ್‌ನೋರು," ಎಂದರು ಯಾರೂ ಕೇಳದೆ. "ಇದ್ದಿದ್ರೆ ಕಿವಿ ಹಿಂಡ್ತಿದ್ರು."

"ಯಾರ ಪೈಕಿ?" ಎಂದರು ಮಾಮ.

"ಮರ್ಡಾಕ್. ಅಮ್ಮನ ಕಡೆ."

"ಬೇಕರಿ ಹಿಂದಿನ ಮರ್ಡಾಕಾ, ಗುಡ್ಡದ ಮೇಲಿನ ಮರ್ಡಾಕಾ?"

"ಬೇಕರಿ ಹಿಂದೆ."

"ಹಾಗಾದ್ರೆ ಹಿಂಡ್ತಿದ್ರು," ಎಂದರು ಮಾಮ.

ಸಾಹೇಬರು ಮೈಯಿಂದ ನೀರು ಸುರಿಸುತ್ತಲೇ ಮೇಜಿನ ಹತ್ತಿರ ಹೋಗಿ, "ನಮಸ್ಕಾರ ಜೊಸಿಂತಾ. ನನ್ನ ರೂಮಲ್ಲಿ ಬಿಸಿನೀರು ಬರ್ತಾ ಇಲ್ಲ," ಎಂದರು.

ಜೊಸಿಂತಾ ಎದ್ದೇ ನಿಂತಳು. "ಅಯ್ಯೋ ನಮಸ್ಕಾರ ಸಾರ್! ಯಾವಾಗಿಂದ? ಮೊದ್ಲೇ ಹೇಳ್ಬಾರ್ದಾ? ಪಾಪ, ನೋಡಿ, ಹೇಗೆ ನಡುಗ್ತಾ ಇದೀರ!" ನನ್ನನ್ನು ಕೂಗಿದಳು. ತೊಟ್ಟಿಯ ಹಿಂದಿನ ತಿರುಪು ತಿರುಗಿಸಬೇಕಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ.

ಪ್ರಮಾಣಪತ್ರ ಆರು ವಾರದ ನಂತರ ಬಂತು. ಈಗ ಗೋಡೆಯ ಮೇಲಿದೆ. ಏಣಿಯ ಮೂರನೆಯ ಮೆಟ್ಟಿಲು ಸಡಿಲ ಎಂಬ ಒಂದು ದೋಷ ಮಾತ್ರ ತೋರಿಸಿದ್ದರು. ಸಡಿಲವಾಗಿದ್ದುದು ನಿಜ, ಬಿಗಿ ಮಾಡಿದೆ. ವ್ಯಾನು ಹಳೆಯ ಡ್ರೈವರನ ಕೈಯಲ್ಲೇ ಎಡಕ್ಕೆ ಎಳೆಯುತ್ತಿದೆ.

ಆದರೆ ಅದೆಲ್ಲ ಬರುವ ಮೊದಲು, ಅದೇ ಗುರುವಾರ ಸಂಜೆ, ಊಟಕ್ಕೆ ಮುಂಚೆ, ಮಾಮ ಜೆಟ್ಟಿಯ ಮೇಲೆ ಕೂತು ದಿನಚರಿ ಬರೆಯುತ್ತಿದ್ದರು. ನಾನು ಸಿಲಿಂಡರುಗಳನ್ನು ತೊಳೆಯುತ್ತಿದ್ದೆ. ಸಾಹೇಬರು ಸ್ನಾನ ಮಾಡಿ, ಒಣ ಅಂಗಿ ಹಾಕಿಕೊಂಡು, ವರದಿಯ ಹಲಗೆ ಹಿಡಿದು ಬಂದರು.

"ನಮಸ್ಕಾರ, ಕ್ಯಾಪ್ಟನ್."

"ನಮಸ್ಕಾರ, ಸಾಹೇಬ್ರೇ. ಮಧ್ಯಾಹ್ನವೇ ಆಯ್ತಲ್ಲ."

"ಇರ್ಲಿ, ಇನ್ನೊಂದು. ಪುಸ್ತಕ ನೋಡ್ಬಹುದಾ?"

ಮಾಮ ಕೊಟ್ಟರು. ಬುಧವಾರದ ಸಾಲು ಹಾಗೇ ಇತ್ತು, ಹೊಡೆದುಹಾಕಿರಲಿಲ್ಲ. ಇಳಿದವರು ಒಂಬತ್ತು, ಬಂದವರು ಎಂಟು, ಒಬ್ಬರು ವಾಪಸ್ ಬಂದಿಲ್ಲ. ಅದರ ಕೆಳಗೆ ಶಾಯಿ ಇನ್ನೂ ಹಸಿಯಾಗಿತ್ತು: *ಗುರುವಾರ. ಇಳಿದವರು ಎಂಟು. ಬಂದವರು ಒಂಬತ್ತು.*

ಸಾಹೇಬರು ಎರಡೂ ಸಾಲುಗಳನ್ನು ಬೆರಳಿಟ್ಟು ಓದಿದರು. ತುಟಿ ಆಡಿಸುತ್ತ ಏನೋ ಕೂಡಿದರು, ಕಳೆದರು.

"ಎರಡೂ ದಿನ ಸೇರಿಸಿದ್ರೆ ಲೆಕ್ಕ ಸರಿ ಇದೆ," ಎಂದರು.

"ಸರಿ ಇರ್ಲೇಬೇಕು," ಎಂದರು ಮಾಮ.

ಸಾಹೇಬರು ಮಾಮನ ಪೆನ್ನು ಕೇಳಿ ತೆಗೆದುಕೊಂಡರು. ಮೊದಲು ತಮ್ಮ ವರದಿಯಲ್ಲಿ ಕ್ಯಾಪ್ಟನ್ ಬದಲಾಯಿಸಬೇಕು ಎಂಬ ಸಾಲನ್ನು ಹೊಡೆದುಹಾಕಿದರು. ಆಮೇಲೆ ಮಾಮನ ಪುಸ್ತಕದಲ್ಲಿ, ಗುರುವಾರದ ಸಾಲಿನ ಕೆಳಗೆ, ತಾವು ವಾಪಸ್ ಬಂದದ್ದಕ್ಕೆ ಸಹಿ ಹಾಕಿದರು.